ಷೇರುಪತ್ರ ಕೇಳಿ ಗೆದ್ದ ಧೀರೂಭಾಯಿ ಅಂಬಾನಿ

ಹಳ್ಳಿಯ ಉಪಾಧ್ಯಾಯರೊಬ್ಬರ ಮಗನು ದೇಶದ ದೊಡ್ಡ ಉದ್ಯಮಿಯಾಗಿ ಬೆಳೆದ ಕಥೆಯಿದು. ಧೀರೂಭಾಯಿ ಅಂಬಾನಿಯವರು 1932ರ ಡಿಸೆಂಬರ್ 28ರಂದು ಸೌರಾಷ್ಟ್ರದ ಚೋರವಾಡ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹೀರಾಚಂದರಿಗೆ ಬರುತ್ತಿದ್ದ ಸಂಬಳ ಅಷ್ಟಕ್ಕಷ್ಟೆ. ಹದಿಹರೆಯದಲ್ಲೇ ಧೀರೂಭಾಯಿ ಕೆಲಸವನ್ನರಸಿ ಸಮುದ್ರ ದಾಟಿ ಏಡನ್ ಬಂದರಿಗೆ ಹೋದರು. ನಮ್ಮ ಶಾಲೆಯ ಅನೇಕ ಮಕ್ಕಳ ತಂದೆತಾಯಿಗಳೂ ಹೀಗೆಯೇ ಊರು ಬಿಟ್ಟು ದುಡಿಯಲು ಕುಡಚಡೆಗೆ ಬಂದವರಲ್ಲವೇ?

ಏಡನ್ನಿನ ಬೆಸ್ ಕಂಪನಿಯಲ್ಲಿ ದುಡಿಯುತ್ತ ಅವರು ವ್ಯಾಪಾರದ ಒಳಗುಟ್ಟುಗಳನ್ನು ಕಲಿತರು. 1958ರಲ್ಲಿ ಸ್ವದೇಶಕ್ಕೆ ಮರಳಿ, ಮುಂಬಯಿಯ ಮಸೀದಿ ಬಂದರಿನ ಒಂದು ಚಿಕ್ಕ ಕೋಣೆಯಲ್ಲಿ ಸಾಂಬಾರ ಪದಾರ್ಥ ಮತ್ತು ನೂಲಿನ ವ್ಯಾಪಾರ ತೆರೆದರು. 1966ರಲ್ಲಿ ಅಹಮದಾಬಾದಿನ ಬಳಿ ನರೋಡಾದಲ್ಲಿ ಬಟ್ಟೆ ಗಿರಣಿಯನ್ನು ಸ್ಥಾಪಿಸಿದರು. ಅಣ್ಣನ ಮಗನ ಹೆಸರನ್ನೇ ಹೊತ್ತ 'ವಿಮಲ್' ಬಟ್ಟೆ ದೇಶದ ಮೂಲೆಮೂಲೆಗೂ ಹೋಯಿತು.

ಗಿರಣಿ ಬೆಳೆಯಲು ಹಣ ಬೇಕು. ಧೀರೂಭಾಯಿ ಬ್ಯಾಂಕುಗಳನ್ನು ಮಾತ್ರ ನೆಚ್ಚಿ ಕೂಡಲಿಲ್ಲ. 1977ರಲ್ಲಿ ರಿಲಯನ್ಸ್ ಕಂಪನಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದರು. ಷೇರು ಎಂದರೆ ಕಂಪನಿಯ ಒಡೆತನದಲ್ಲಿ ಒಂದು ಪಾಲು. ಆಗ ಆ ಪಾಲಿಗೆ ಸಾಕ್ಷಿಯಾಗಿ ಅಚ್ಚುಮಾಡಿದ ಷೇರುಪತ್ರವನ್ನು ಕೊಡುತ್ತಿದ್ದರು. ಗುಮಾಸ್ತರು, ಉಪಾಧ್ಯಾಯರು, ಸಣ್ಣ ಅಂಗಡಿಕಾರರು ಸಹ ಅದನ್ನು ಕೊಂಡು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟರು.

1982ರಲ್ಲಿ ದೊಡ್ಡ ಪರೀಕ್ಷೆ ಬಂದಿತು. ಕಲ್ಕತ್ತೆಯ ಕೆಲವು ದಲ್ಲಾಳಿಗಳು ಒಂದುಗೂಡಿ, ಮುಂಬಯಿ ಪೇಟೆಯಲ್ಲಿ ತಮ್ಮ ಬಳಿ ಇಲ್ಲದ ರಿಲಯನ್ಸ್ ಷೇರುಗಳನ್ನು ರಾಶಿರಾಶಿಯಾಗಿ ಮಾರತೊಡಗಿದರು. ಇಲ್ಲದ್ದನ್ನು ಮಾರುವುದು ಹೇಗೆ? ನಮ್ಮ ಪೇಟೆಯ ಒಬ್ಬ ವ್ಯಾಪಾರಿ, ತನ್ನಲ್ಲಿಲ್ಲದ ಒಂದು ಮೂಟೆ ಗೋಡಂಬಿಯನ್ನು ಹದಿನೈದು ದಿನದಲ್ಲಿ ಕೊಡುವೆನೆಂದು 1000 ರೂಪಾಯಿಗೆ ಮಾರಿದನೆನ್ನಿ. ಅಷ್ಟರೊಳಗೆ ಬೆಲೆ 800ಕ್ಕೆ ಇಳಿದರೆ, ಅದನ್ನು ಕೊಂಡು ಕೊಟ್ಟು 200 ರೂಪಾಯಿ ಉಳಿಸುತ್ತಾನೆ. ಬೆಲೆ ಏರಿದರೋ, ಅವನ ಗತಿ ಕೆಟ್ಟಿತು! ಇಂಥ ವ್ಯಾಪಾರಿಗಳಿಗೆ ಪೇಟೆಯಲ್ಲಿ ಕರಡಿಗಳೆಂದು ಹೆಸರು.

ಬೆಲೆ ಕುಸಿದಿದ್ದರೆ ಸಣ್ಣ ಷೇರುದಾರರು ಹೆದರಿ ಮಾರುತ್ತಿದ್ದರು, ಕಂಪನಿಯ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ಆದರೆ ಧೀರೂಭಾಯಿಯವರ ಪರವಾದ ದಲ್ಲಾಳಿಗಳು ಕರಡಿಗಳು ಮಾರಿದ್ದನ್ನು ಬಿಡದೆ ಕೊಂಡರು. ಲೆಕ್ಕ ತೀರಿಸುವ ದಿನ ಬಂದಾಗ ಷೇರುಪತ್ರಗಳನ್ನೇ ಕೈಗೆ ಕೊಡಬೇಕೆಂದು ಪಟ್ಟು ಹಿಡಿದರು. ವಾಡಿಕೆಯಂತೆ 'ಬದಲಾ' ಎಂಬ ಹಣ ಕೊಟ್ಟು ಲೆಕ್ಕವನ್ನು ಮುಂದೂಡಬಹುದಿತ್ತು. ಆದರೆ ಕೊಂಡವರು ಷೇರೊಂದಕ್ಕೆ ಭಾರಿ ಮೊತ್ತವನ್ನೇ ಕೇಳಿದರು. ಕರಡಿಗಳು ಪತ್ರ ಹುಡುಕಿಕೊಂಡು ಅಲೆದರು. ಬೆಲೆ ಇಳಿಯುವ ಬದಲು ಏರುತ್ತಲೇ ಹೋಯಿತು. ಗೊಂದಲ ಹೆಚ್ಚಿ ಮುಂಬಯಿ ಷೇರುಪೇಟೆಯನ್ನು ಮೂರು ದಿನ ಮುಚ್ಚಬೇಕಾಯಿತು. ಕೊನೆಗೆ ಕರಡಿಗಳು ಸೋತು, ಹೆಚ್ಚಿನ ಬೆಲೆ ತೆತ್ತು ಷೇರು ತಂದುಕೊಟ್ಟರು.

ಈ ಗೆಲುವಿನ ಇನ್ನೊಂದು ಮಗ್ಗುಲನ್ನೂ ನಾವು ನೋಡಬೇಕು. ಆ ವರ್ಷಗಳಲ್ಲಿ ರಿಲಯನ್ಸ್ ಷೇರು ಕೊಂಡ ಕೆಲವು ವಿದೇಶೀ ಕಂಪನಿಗಳ ಹಿಂದೆ ಯಾರಿದ್ದರೆಂಬ ಪ್ರಶ್ನೆ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. ಎದುರಾಳಿಯ ಪೆಟ್ಟಿಗೆ ಪತ್ರ ತೋರಿಸೆಂದವರು ತಮ್ಮ ಲೆಕ್ಕವನ್ನೂ ತೋರಿಸಬೇಕೆಂದು ಜನ ಕೇಳುವುದು ನ್ಯಾಯವೇ. ದೊಡ್ಡವರ ಚರಿತ್ರೆಯನ್ನು ಓದುವಾಗ ಮೆಚ್ಚುಗೆಯೊಡನೆ ವಿವೇಕವೂ ಇರಬೇಕು.

1986ರಲ್ಲಿ ಧೀರೂಭಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ಆದರೂ ಅವರು ಉದ್ಯಮದಿಂದ ದೂರ ಸರಿಯಲಿಲ್ಲ. 1996ರ ಕಾಯಿದೆಯ ನಂತರ ಷೇರುಗಳು ಕಾಗದ ಬಿಟ್ಟು ಗಣಕಯಂತ್ರದ ಲೆಕ್ಕಕ್ಕೆ ಬಂದವು. 2002ರ ಜುಲೈ 6ರಂದು ಅವರು ತೀರಿಕೊಂಡರು. 2016ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ವಿದ್ಯಾರ್ಥಿಗಳೇ, ಕಾಗದ ಹೋದರೂ ಅದರ ಹಿಂದಿನ ನೀತಿ ಹೋಗಿಲ್ಲ. ಮಾತು ಕೊಟ್ಟವನು ವಾಯಿದೆಯ ದಿನ ವಸ್ತುವನ್ನು ತಂದು ಮುಂದಿಡಬೇಕು. ಪೇಟೆಯಲ್ಲಾದರೂ ಸರಿ, ಪರೀಕ್ಷೆಯ ಕೋಣೆಯಲ್ಲಾದರೂ ಸರಿ, ಲೆಕ್ಕ ಕೇಳುವ ದಿನ ಬಂದೇ ಬರುತ್ತದೆ. ಆ ದಿನ ನಮ್ಮ ಕೈ ಬರಿದಾಗಿರದಂತೆ ಈಗಿನಿಂದಲೇ ದುಡಿಯೋಣ.