ಹುಳುಗಳ ಲೆಕ್ಕ ಬರೆದಾಕೆ: ಮರಿಯಾ ಸಿಬಿಲ್ಲಾ ಮೆರಿಯನ್

ನನ್ನ ಅಮ್ಮಿಯ ತವರು ಶಿಡ್ಲಘಟ್ಟ. ನಾನಾ ಅಲ್ಲಿ ರೀಲರ್ ಆಗಿದ್ದರು. ರಜೆಗೆ ಹೋದಾಗಲೆಲ್ಲ ಬುಟ್ಟಿಗಟ್ಟಲೆ ರೇಷ್ಮೆ ಗೂಡುಗಳನ್ನು ನೋಡುತ್ತ ಬೆಳೆದವಳು ನಾನು. ಆದರೆ ಒಂದು ಗೂಡಿನಿಂದಲೂ ಚಿಟ್ಟೆ ಹೊರಬಂದದ್ದನ್ನು ನೋಡಿರಲಿಲ್ಲ. ನೂಲು ತೆಗೆಯಬೇಕಾದರೆ ಗೂಡನ್ನು ಬಿಸಿನೀರಿಗೆ ಹಾಕಲೇಬೇಕು. ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಹಾಗಾಗಿ ಹುಳು ಚಿಟ್ಟೆಯಾಗುವುದು ನನಗೆ ಪಾಠಪುಸ್ತಕದ ಚಿತ್ರವಾಗಿಯೇ ಉಳಿದಿತ್ತು.

ಈ ವರ್ಷ ಜೀವಶಾಸ್ತ್ರದ ಪ್ರಾಜೆಕ್ಟಿಗೆ ಯಾವುದಾದರೂ ಒಂದು ಜೀವಿಯನ್ನು ಮನೆಯಲ್ಲೇ ಗಮನಿಸಿ ದಿನಚರಿ ಬರೆಯಬೇಕು ಎಂದು ಮೇಡಂ ಹೇಳಿದರು. ನಮ್ಮ ಹಿತ್ತಲಿನ ನಿಂಬೆ ಗಿಡದಲ್ಲಿ ಎರಡು ಹುಳುಗಳು ಸಿಕ್ಕವು. ಮೊದಲು ಅವು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದವು. ಹಕ್ಕಿಗಳ ಕಣ್ಣು ತಪ್ಪಿಸಲು ಅದೇ ಅವುಗಳ ವೇಷ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಎಲೆಯಷ್ಟೇ ಹಸಿರಾದವು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತಿದ್ದವು.

ಒಂದು ಹುಳುವನ್ನು ಬಾಟಲಿಯಲ್ಲಿಟ್ಟು ದಿನವೂ ಎಲೆ ಹಾಕಿದೆ. ಇನ್ನೊಂದನ್ನು ಗಿಡದಲ್ಲೇ ಬಿಟ್ಟೆ. ಎರಡೂ ಕೋಶವಾದವು. ಬಾಟಲಿಯ ಕೋಶದಿಂದ ಹತ್ತನೇ ದಿನ ಬೆಳಿಗ್ಗೆ ಕಪ್ಪು ಹಳದಿ ರೆಕ್ಕೆಗಳ ನಿಂಬೆ ಚಿಟ್ಟೆ ಬಂತು. ಮುದುಡಿದ್ದ ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕುಳಿತು ಕಾಲೇಜು ಬಸ್ಸು ತಪ್ಪಿಸಿಕೊಂಡೆ. ಗಿಡದಲ್ಲಿದ್ದ ಕೋಶ ಮಾತ್ರ ದಿನೇ ದಿನೇ ಕಂದಾಯಿತು. ಒಂದು ದಿನ ನೋಡಿದರೆ ಅದರಲ್ಲಿ ಸೂಜಿ ಚುಚ್ಚಿದಂಥ ತೂತು; ಸುತ್ತ ಸಾಸಿವೆಗಿಂತ ಚಿಕ್ಕ ಕಣಜಗಳು.

ನನಗೆ ಅಳು ಬಂತು. ದಿನಚರಿಯಲ್ಲಿ ಆ ಎರಡನೇ ಹುಳುವಿನ ಪುಟಗಳನ್ನು ಹರಿದುಹಾಕಿ, ಒಂದೇ ಹುಳು ಸಾಕಿದ್ದೆ ಎಂದು ಬರೆದರೆ ಪ್ರಾಜೆಕ್ಟು ಚೆನ್ನಾಗಿರುತ್ತದೆ ಎಂದುಕೊಂಡೆ. ಚಿಟ್ಟೆಗಳ ಚಿತ್ರಕ್ಕಾಗಿ ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಸಿಕ್ಕಿದ ಹೆಸರು ಮರಿಯಾ ಸಿಬಿಲ್ಲಾ ಮೆರಿಯನ್. ಆಕೆಯ ಕಥೆ ಓದಿದ ಮೇಲೆ ಆ ಪುಟಗಳನ್ನು ಹರಿಯಲು ನನಗೆ ಕೈ ಬರಲಿಲ್ಲ. ಆ ಕಥೆಯನ್ನು ನಿಮಗೂ ಹೇಳಬೇಕೆನಿಸಿದೆ.

ಮೆರಿಯನ್ ಹುಟ್ಟಿದ್ದು 1647ರ ಏಪ್ರಿಲ್ 2ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ಮಥೇಯಸ್ ಮೆರಿಯನ್ ಹೆಸರಾಂತ ಕೆತ್ತನೆಗಾರ ಹಾಗೂ ಪ್ರಕಾಶಕ. ಮಗಳಿಗೆ ಮೂರು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಮರುಮದುವೆಯಾದದ್ದು ಯಾಕೋಬ್ ಮಾರೆಲ್ ಎಂಬ ಹೂಚಿತ್ರಗಾರನನ್ನು. ಆ ಮಲತಂದೆಯೇ ಅವಳಿಗೆ ಕುಂಚ ಹಿಡಿಯುವುದನ್ನು ಕಲಿಸಿದರು. ಆಗಿನ ಜರ್ಮನಿಯ ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳು ತೈಲವರ್ಣದಲ್ಲಿ ಚಿತ್ರ ಬರೆದು ಮಾರುವುದಕ್ಕೆ ಕಲಾವಿದರ ಸಂಘಗಳು ಅಡ್ಡಿ ಮಾಡುತ್ತಿದ್ದವು. ಮೆರಿಯನ್ ಜಲವರ್ಣವನ್ನೇ ತನ್ನದಾಗಿಸಿಕೊಂಡಳು.

13ನೇ ವಯಸ್ಸಿನಲ್ಲಿ ಆಕೆ ಸಾಕಲು ಶುರುಮಾಡಿದ್ದು ಯಾವ ಹುಳುವನ್ನು ಗೊತ್ತೇ? ರೇಷ್ಮೆ ಹುಳುವನ್ನು! ಇದನ್ನು ಓದಿದಾಗ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಹುಡುಗಿ ನಮ್ಮ ನಾನಿಯ ಮನೆಯ ಪಕ್ಕದವಳೇ ಅನಿಸಿಬಿಟ್ಟಳು. ವ್ಯತ್ಯಾಸವೆಂದರೆ, ನಾವು ಗೂಡಿನಿಂದ ನೂಲು ತೆಗೆದೆವು. ಅವಳು ಗೂಡನ್ನು ಹಾಗೇ ಬಿಟ್ಟು ಕಾದಳು. ರೇಷ್ಮೆ ಹುಳುವಿನ ನಂತರ ತೋಟದಲ್ಲಿ ಸಿಕ್ಕ ಬೇರೆ ಹುಳುಗಳನ್ನೂ ತಂದು, ಯಾವುದು ಯಾವ ಎಲೆ ತಿನ್ನುತ್ತದೆ, ಎಂದು ಪೊರೆ ಬಿಡುತ್ತದೆ, ಕೋಶದಲ್ಲಿ ಎಷ್ಟು ದಿನ ಇರುತ್ತದೆ ಎಂದು ಬರೆದಿಡತೊಡಗಿದಳು.

ಆ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಹುಳುಹುಪ್ಪಟೆಗಳು ಕೆಸರಿನಿಂದ, ಕೊಳೆತ ವಸ್ತುಗಳಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಓದಿದವರೂ ನಂಬಿದ್ದರು. ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ತುಂಡುಗಳನ್ನಿಟ್ಟು ಪ್ರಯೋಗ ಮಾಡಿ, ನೊಣ ಮೊಟ್ಟೆಯಿಡದಿದ್ದರೆ ಹುಳು ಹುಟ್ಟದು ಎಂದು ಪ್ರಕಟಿಸಿದ್ದು 1668ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಫ್ರಾಂಕ್‌ಫರ್ಟಿನ ಈ ಹುಡುಗಿ ತನ್ನ ಪೆಟ್ಟಿಗೆಗಳ ಮುಂದೆ ಕುಳಿತಿದ್ದಳು.

18ನೇ ವಯಸ್ಸಿಗೆ ಮಲತಂದೆಯ ಶಿಷ್ಯ ಯೋಹಾನ್ ಗ್ರಾಫ್ ಜೊತೆ ಮದುವೆಯಾಯಿತು. ಇಬ್ಬರು ಹೆಣ್ಣುಮಕ್ಕಳು: ಯೊಹಾನಾ ಹೆಲೆನಾ, ಡೊರೊಥಿಯಾ ಮರಿಯಾ. ಸಂಸಾರ ನ್ಯೂರೆಂಬರ್ಗಿಗೆ ಬಂತು. ಅಲ್ಲಿ ಮೆರಿಯನ್ ಅನುಕೂಲಸ್ಥರ ಹೆಣ್ಣುಮಕ್ಕಳಿಗೆ ಚಿತ್ರಕಲೆ, ಕಸೂತಿ ಕಲಿಸುತ್ತ ದುಡಿದಳು. ಹುಳುಗಳ ಲೆಕ್ಕವನ್ನು ಮಾತ್ರ ಬಿಡಲಿಲ್ಲ. 1679ರಲ್ಲಿ ಆಕೆಯ ಹುಳುಗಳ ಪುಸ್ತಕದ ಮೊದಲ ಭಾಗ ಬಂತು, 1683ರಲ್ಲಿ ಎರಡನೆಯದು. ಒಂದೊಂದರಲ್ಲೂ 50 ಚಿತ್ರಗಳು. ಒಂದೇ ಪುಟದಲ್ಲಿ ಹುಳು, ಕೋಶ, ಚಿಟ್ಟೆ, ಹುಳು ತಿನ್ನುವ ಗಿಡ ಎಲ್ಲವೂ ಒಟ್ಟಿಗೆ. ಇಂದು ನಮಗೆ ಇದು ಸಹಜ. ಆದರೆ ಜೀವಿಯನ್ನು ಅದರ ಗಿಡದ ಜೊತೆಯಲ್ಲೇ ತೋರಿಸುವ ಈ ಕ್ರಮವನ್ನು ಗಟ್ಟಿಯಾಗಿ ನಿಲ್ಲಿಸಿದವರಲ್ಲಿ ಆಕೆ ಮೊದಲಿಗಳು. ವಿದ್ವಾಂಸರ ಲ್ಯಾಟಿನ್ ಬಿಟ್ಟು ಜನರಾಡುವ ಜರ್ಮನ್ ಭಾಷೆಯಲ್ಲಿ ಬರೆದಳು.

ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ಮೆರಿಯನ್ ಸಾಕಿದ ಹುಳುಗಳೆಲ್ಲ ಚಿಟ್ಟೆಯಾಗಲಿಲ್ಲ. ಕೆಲವು ಸತ್ತವು. ಕೆಲವುಗಳಿಂದ ಚಿಟ್ಟೆಯ ಬದಲು ನೊಣಗಳು, ಕಣಜಗಳು ಬಂದವು. ಒಂದು ಕೀಟ ಇನ್ನೊಂದರ ದೇಹದೊಳಗೆ ಮೊಟ್ಟೆಯಿಟ್ಟು ಬೆಳೆಯುತ್ತದೆ ಎಂಬ ಕಾರಣ ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಹಾಗೆಂದು ಆಕೆ ಅವನ್ನು ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಳು, ಚಿತ್ರಿಸಿದಳು.

ಬದುಕು ಸುಲಭವಾಗಿರಲಿಲ್ಲ. 1685ರ ಹೊತ್ತಿಗೆ ಗಂಡನಿಂದ ದೂರವಾಗಿ, ತಾಯಿ ಮತ್ತು ಮಕ್ಕಳೊಂದಿಗೆ ನೆದರ್‌ಲೆಂಡ್ಸಿನ ಒಂದು ಧಾರ್ಮಿಕ ಸಮುದಾಯವನ್ನು ಸೇರಿಕೊಂಡಳು. ತಾಯಿ ಅಲ್ಲೇ ತೀರಿಕೊಂಡರು. 1691ರಲ್ಲಿ ಮಕ್ಕಳೊಂದಿಗೆ ಆಮ್‌ಸ್ಟರ್‌ಡ್ಯಾಮಿಗೆ ಬಂದು, ಚಿತ್ರ ಮಾರಿ ಮನೆ ನಡೆಸಿದಳು. ಶ್ರೀಮಂತರ ಸಂಗ್ರಹಗಳಲ್ಲಿ ದೂರದೇಶದ ಚಿಟ್ಟೆಗಳನ್ನು ಸೂಜಿ ಚುಚ್ಚಿ ಇಟ್ಟಿದ್ದರು. ಆದರೆ ಅವು ಯಾವ ಹುಳುವಿನಿಂದ ಬಂದವು, ಆ ಹುಳು ಏನು ತಿನ್ನುತ್ತಿತ್ತು ಎಂಬುದು ಅಲ್ಲಿ ಇರಲಿಲ್ಲ. ಅದನ್ನು ತಿಳಿಯಲು 1699ರಲ್ಲಿ, ತನ್ನ 52ನೇ ವಯಸ್ಸಿನಲ್ಲಿ, ಚಿತ್ರಗಳನ್ನು ಮಾರಿ ಹಣ ಹೊಂದಿಸಿ, ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು.

ಸುರಿನಾಮ್ ಆಗ ಡಚ್ಚರ ವಸಾಹತು. ಗುಲಾಮರ ಬೆವರಿನಲ್ಲಿ ಕಬ್ಬು ಬೆಳೆಯುವ ನಾಡು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುತ್ತಾಳೆಂದು ತೋಟದ ಮಾಲೀಕರು ನಕ್ಕರು. ಕಾಡಿನಲ್ಲಿ ಕೊಡಲಿ ಹಿಡಿದು ದಾರಿ ಮಾಡಿಕೊಟ್ಟವರು, ಹುಳು ತಂದುಕೊಟ್ಟವರು, ಗಿಡಗಳ ಉಪಯೋಗ ಹೇಳಿದವರು ಗುಲಾಮರು ಮತ್ತು ಅಲ್ಲಿನ ಮೂಲನಿವಾಸಿಗಳು. ಆಕೆಯೂ ಅವರ ದುಡಿಮೆಯನ್ನು ಬಳಸಿಕೊಂಡವಳೇ ಎಂಬುದನ್ನು ಮರೆಯುವಂತಿಲ್ಲ. ಆದರೂ ಅವರಿಂದ ಕಲಿತದ್ದನ್ನು ಅವರಿಂದಲೇ ಕಲಿತೆ ಎಂದು ಬರೆದಳು. ನಮ್ಮ ಅಂಗಳಗಳಲ್ಲಿ ಅರಳುವ ರತ್ನಗಂಧಿ ಗಿಡದ ಬಗ್ಗೆ ಬರೆಯುವಾಗ, ಮಾಲೀಕರ ಕೈಯಲ್ಲಿ ಗುಲಾಮ ಹೆಂಗಸರು ಪಡುತ್ತಿದ್ದ ಕಷ್ಟವನ್ನೂ ದಾಖಲಿಸಿದಳು.

ಎರಡು ವರ್ಷಕ್ಕೆ ಆರೋಗ್ಯ ಕೆಟ್ಟು 1701ರಲ್ಲಿ ಹಿಂತಿರುಗಿದಳು. 1705ರಲ್ಲಿ ಸುರಿನಾಮಿನ ಕೀಟಗಳ ಆ ದೊಡ್ಡ ಪುಸ್ತಕ 60 ಚಿತ್ರಗಳೊಂದಿಗೆ ಹೊರಬಂತು. ಮುಂದೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವಾಗ ಲಿನೇಯಸ್ ಕೂಡ ಅದರ ಚಿತ್ರಗಳನ್ನು ಬಳಸಿಕೊಂಡ. ಅದರಲ್ಲಿ ತಪ್ಪುಗಳೂ ಇವೆ. ಒಂದು ಕೀಟದ ತಲೆ ಕತ್ತಲಲ್ಲಿ ದೀಪದಂತೆ ಬೆಳಗುತ್ತದೆ ಎಂದು ಬರೆದದ್ದು ನಿಜವಲ್ಲ. ಹಕ್ಕಿಯನ್ನು ಹಿಡಿದ ದೊಡ್ಡ ಜೇಡದ ಚಿತ್ರವನ್ನೂ ಅನೇಕ ವಿದ್ವಾಂಸರು ಕಟ್ಟುಕಥೆ ಎಂದು ತಳ್ಳಿಹಾಕಿದರು. ಆದರೆ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಅಂಥದ್ದನ್ನೇ ಕಣ್ಣಾರೆ ಕಂಡು 1863ರಲ್ಲಿ ಪ್ರಕಟಿಸಿದ. ಆ ವಿಷಯದಲ್ಲಿ ಮೆರಿಯನ್ನಳ ಕಣ್ಣು ಮೋಸ ಹೋಗಿರಲಿಲ್ಲ.

1717ರ ಜನವರಿ 13ರಂದು ಆಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡಳು. ಹುಳುಗಳ ಪುಸ್ತಕದ ಮೂರನೇ ಭಾಗವನ್ನು ಮಗಳು ಡೊರೊಥಿಯಾ ಪ್ರಕಟಿಸಿದಳು. ಆಕೆಯ ಟಿಪ್ಪಣಿ ಪುಸ್ತಕ ಇಂದಿಗೂ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಜರ್ಮನಿ ತನ್ನ 500 ಮಾರ್ಕಿನ ನೋಟಿನ ಮೇಲೆ ಆಕೆಯ ಮುಖವನ್ನು ಅಚ್ಚು ಹಾಕಿತ್ತು.

ನನ್ನ ತೂತು ಬಿದ್ದ ಕೋಶವನ್ನು ನಾನಿಗೆ ತೋರಿಸಿದೆ. ಈಗ ಅವರು ನಮ್ಮ ಜೊತೆಗೇ ಇದ್ದಾರೆ. ಬಿಸಿನೀರಿನಲ್ಲಿ ಗೂಡು ಕದಡಿ ಕದಡಿ ಅವರ ಬೆರಳ ತುದಿಗಳು ಇಂದಿಗೂ ಒರಟು. ಕನ್ನಡಕ ಹಾಕಿಕೊಂಡು ನೋಡಿದವರೇ, ಇದು ನಮ್ಮ ಊಜಿಯ ಹಾಗೆಯೇ ಎಂದರು. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂದು ರೇಷ್ಮೆ ಹುಳುಗಳ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗಾರರನ್ನು ಅಳಿಸಿದ ಕಥೆ ಅವರಿಗೆ ಚೆನ್ನಾಗಿ ಗೊತ್ತು. ತೂತು ಬಿದ್ದ ಗೂಡುಗಳನ್ನು ಕೆಲವರು ಲಾಟಿನ ಅಡಿಯಲ್ಲಿಟ್ಟು ಮೇಲೆ ಒಳ್ಳೆಯ ಗೂಡು ಹರಡುತ್ತಿದ್ದರಂತೆ. ಹರಾಜಿನಲ್ಲಿ ಕೂಗುವ ಮೊದಲು ನಾನಾ ಕೈಯನ್ನು ತಳದವರೆಗೂ ಇಳಿಸಿ ನೋಡುತ್ತಿದ್ದರಂತೆ.

ನಾನು ಹರಿಯಬೇಕೆಂದಿದ್ದ ಪುಟಗಳ ವಿಷಯ ನಾನಿಗೆ ಹೇಳಲಿಲ್ಲ. ಹೇಳದಿದ್ದರೂ ಮುಖ ಬಿಸಿಯಾಯಿತು. ಅಂದು ರಾತ್ರಿ ದಿನಚರಿಯಲ್ಲಿ ಎರಡನೇ ಹುಳುವಿನ ಕೊನೆಯ ಪುಟ ಬರೆದೆ: ದಿನಾಂಕ, ತೂತಿನ ಜಾಗ, ನಾನು ಎಣಿಸಿದ ಕಣಜಗಳು 43. ಪ್ರಾಜೆಕ್ಟನ್ನು ಮೇಡಂಗೆ ಕೊಟ್ಟಿದ್ದೇನೆ. ಅಂಕ ಇನ್ನೂ ಬಂದಿಲ್ಲ. ನಿಂಬೆ ಗಿಡದಲ್ಲಿ ಮತ್ತೆ ಮೂರು ಹುಳುಗಳಿವೆ.