ಬಟ್ಟೆಗೂ ಪಾಸ್ ಕೊಡಿಸಿದ ಡಾಕ್ಟರು: ಮ್ಯಾಗ್ನಸ್ ಹಿರ್ಷ್‌ಫೆಲ್ಡ್

1903ರ ಡಿಸೆಂಬರ್. ಬರ್ಲಿನ್ ಪಕ್ಕದ ಷಾರ್ಲೊಟೆನ್‌ಬರ್ಗ್‌ನ ತಾಂತ್ರಿಕ ಕಾಲೇಜಿನಲ್ಲಿ, ಅಂದ್ರೆ ಇವತ್ತಿನ ಬರ್ಲಿನ್ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ, ಓದ್ತಾ ಇದ್ದ ಸುಮಾರು 3000 ಹುಡುಗರಿಗೆ ಒಬ್ಬ ಡಾಕ್ಟರಿಂದ ಒಂದು ಪ್ರಶ್ನಾವಳಿ ಬಂತು. ಪ್ರಶ್ನೆ ಒಂದೇ: ನಿಮ್ಮ ಆಕರ್ಷಣೆ ಹೆಣ್ಣಿನ ಕಡೆಗೋ, ಗಂಡಿನ ಕಡೆಗೋ, ಇಬ್ಬರ ಕಡೆಗೂ ಇದೆಯೋ? ಹೆಸರು ಬರೆಯುವ ಹಾಗಿಲ್ಲ. ಗುರುತು ಹಾಕಿ ವಾಪಸ್ ಕಳಿಸಿದರೆ ಸಾಕು.

ಅರ್ಧಕ್ಕಿಂತ ಹೆಚ್ಚು ಜನ ಉತ್ತರ ಕಳಿಸಿದರು. ಅವರಲ್ಲಿ ಶೇ. 1.5ರಷ್ಟು ಮಂದಿ ಸಲಿಂಗಿಗಳು, ಶೇ. 4.5ರಷ್ಟು ಮಂದಿಗೆ ಇಬ್ಬರ ಕಡೆಗೂ ಆಕರ್ಷಣೆ ಎಂಬ ಲೆಕ್ಕ ಸಿಕ್ಕಿತು. ಆದರೆ ಆರು ವಿದ್ಯಾರ್ಥಿಗಳು ಇಂಥ ಪ್ರಶ್ನೆ ಕೇಳಿದ್ದೇ ನಮಗೆ ಅವಮಾನ ಅಂತ ಡಾಕ್ಟರ ಮೇಲೆ ಕೇಸು ಹಾಕಿದರು. ಕೋರ್ಟು 200 ಮಾರ್ಕ್ ದಂಡ ವಿಧಿಸಿತು. ಲೋಹ ಕಾರ್ಮಿಕರ ನಡುವೆಯೂ ಡಾಕ್ಟರು ಅದೇ ಥರದ ಇನ್ನೊಂದು ಸಮೀಕ್ಷೆ ಮಾಡಿದ್ದರು!

ಅವರೇ ಮ್ಯಾಗ್ನಸ್ ಹಿರ್ಷ್‌ಫೆಲ್ಡ್. ಇವತ್ತು ಟ್ರಾನ್ಸ್‌ಜೆಂಡರ್ ಜನರ ಹಕ್ಕು, ಕಾನೂನಿನ ಮುಂದೆ ಸಮಾನತೆ ಅಂತ ನಾವು ಮಾತಾಡುವ ಎಷ್ಟೋ ವಿಷಯಗಳಿಗೆ ಬೀಜ ಬಿದ್ದದ್ದು ಇವರ ಕೆಲಸದಲ್ಲಿ.

ಲೆಕ್ಕದ ಮೇಲೆ ನಂಬಿಕೆ

ಹಿರ್ಷ್‌ಫೆಲ್ಡ್ ಹುಟ್ಟಿದ್ದು 1868ರ ಮೇ 14ರಂದು, ಬಾಲ್ಟಿಕ್ ಸಮುದ್ರದ ದಡದ ಕೋಲ್ಬರ್ಗ್ ಎಂಬ ಊರಿನಲ್ಲಿ. ಆಗ ಅದು ಪ್ರಷ್ಯಾ, ಈಗ ಪೋಲೆಂಡ್. ಯಹೂದಿ ಮನೆತನ, ಅಪ್ಪ ಡಾಕ್ಟರು. ಮೊದಲು ಭಾಷಾಶಾಸ್ತ್ರ ಓದೋಕೆ ಹೋದ ಮಗ ಆಮೇಲೆ ಅಪ್ಪನ ದಾರಿ ಹಿಡಿದು 1892ರಲ್ಲಿ ವೈದ್ಯ ಪದವಿ ಪಡೆದರು. ಸ್ವತಃ ಸಲಿಂಗಿ.

ಆಗ ಜರ್ಮನಿಯ ದಂಡಸಂಹಿತೆಯಲ್ಲಿ 175ನೇ ಕಲಂ ಅಂತ ಒಂದಿತ್ತು. ಗಂಡಸರ ನಡುವಿನ ಲೈಂಗಿಕ ಸಂಬಂಧ ಅಪರಾಧ ಅಂತ ಅದರ ಸಾರ. ನಮ್ಮ 377ನೇ ಸೆಕ್ಷನ್ನಿನ ದಾಯಾದಿ ಅನ್ನಬಹುದು. ಇವರ ಬಳಿ ಚಿಕಿತ್ಸೆಗೆ ಬರ್ತಿದ್ದ ಒಬ್ಬ ಸೇನಾಧಿಕಾರಿ ಮನೆಯವರ ಒತ್ತಾಯದ ಮದುವೆಯ ಹೊತ್ತಿನಲ್ಲೇ ಪ್ರಾಣ ಕಳೆದುಕೊಂಡ. ತನ್ನ ಸಂಕಟವನ್ನು ಲೋಕಕ್ಕೆ ತಿಳಿಸಿ ಅಂತ ಡಾಕ್ಟರಿಗೆ ಪತ್ರ ಬರೆದಿಟ್ಟಿದ್ದ. ಆ ಸಾವು ಅವರನ್ನು ಬಿಡಲಿಲ್ಲ. 1896ರಲ್ಲಿ ಗುಪ್ತನಾಮದಲ್ಲಿ ಒಂದು ಕಿರುಪುಸ್ತಕ ಬರೆದರು. ಮರುವರ್ಷ ಮೇ ತಿಂಗಳಲ್ಲಿ ಮೂವರು ಗೆಳೆಯರ ಜೊತೆ ಬರ್ಲಿನ್‌ನಲ್ಲಿ ವೈಜ್ಞಾನಿಕ ಮಾನವೀಯ ಸಮಿತಿ ಕಟ್ಟಿದರು. 175ನೇ ಕಲಂ ರದ್ದು ಮಾಡಿ ಅನ್ನುವ ಅರ್ಜಿಗೆ ಸಹಿ ಸಂಗ್ರಹ ಶುರುವಾಯಿತು. ವರ್ಷಗಳು ಕಳೆದಂತೆ ಐನ್‌ಸ್ಟೈನ್, ಥಾಮಸ್ ಮನ್ ಅವರಂಥವರೂ ಅದಕ್ಕೆ ಸಹಿ ಹಾಕಿದರು. ವಿಜ್ಞಾನದ ಮೂಲಕ ನ್ಯಾಯ ಅನ್ನೋದು ಸಮಿತಿಯ ಧ್ಯೇಯ. ಡೇಟಾ ಸರಿಯಾಗಿ ತೋರಿಸಿದರೆ ಜನ ಒಪ್ಪಿಯೇ ಒಪ್ತಾರೆ ಅಂತ ಅವರು ನಂಬಿದ್ದರು.

ಆ ನಂಬಿಕೆಗೆ ಪೆಟ್ಟು ಬೀಳದೆ ಇರಲಿಲ್ಲ. 1907ರಲ್ಲಿ, ಕೈಸರ್‌ನ ಆಪ್ತ ವಲಯದ ಒಬ್ಬ ಸೇನಾಧಿಕಾರಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಹಿರ್ಷ್‌ಫೆಲ್ಡ್ ತಜ್ಞ ಸಾಕ್ಷಿಯಾಗಿ ಹೋಗಿ, ಆತ ಸಲಿಂಗ ಸ್ವಭಾವದವನು ಅಂತ ಹೇಳಿಕೆ ಕೊಟ್ಟರು. ಮುಂದಿನ ವಿಚಾರಣೆಯಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಮಿತಿಯ ಬೆಂಬಲಿಗರು ದೂರ ಸರಿದರು, ಯಹೂದಿ ದ್ವೇಷಿಗಳಿಗೆ ಒಳ್ಳೆ ಅಸ್ತ್ರ ಸಿಕ್ಕಿತು.

ಬಟ್ಟೆಯ ಪ್ರಶ್ನೆ

ಗಂಡಸಿನಂತೆ ಬೆಳೆದು ಸೀರೆಯೋ ಲಂಗವೋ ಉಟ್ಟರೆ, ಹೆಣ್ಣಾಗಿ ಬೆಳೆದು ಪ್ಯಾಂಟ್ ತೊಟ್ಟರೆ ಜನ ಅವರಿಗೆ ಒಂದು ಹೆಸರು ಕಟ್ಟಿಬಿಡ್ತಾರೆ. ಆಗಿನ ವೈದ್ಯರೂ ಅಷ್ಟೇ, ಎಲ್ಲರನ್ನೂ ಸಲಿಂಗಿಗಳು ಅಂತ ಒಂದೇ ಡಬ್ಬಿಗೆ ಹಾಕ್ತಿದ್ದರು. 1910ರಲ್ಲಿ ಹಿರ್ಷ್‌ಫೆಲ್ಡ್ ಬರೆದ ದೊಡ್ಡ ಪುಸ್ತಕ ಈ ಗಂಟು ಬಿಚ್ಚಿತು. ಯಾರ ಮೇಲೆ ಪ್ರೀತಿ ಅನ್ನೋದು ಒಂದು ಪ್ರಶ್ನೆ, ನಾನು ಯಾರಾಗಿ ಬದುಕಬೇಕು ಅನ್ನೋದು ಬೇರೆಯೇ ಪ್ರಶ್ನೆ ಅಂತ ಅವರು 17 ಜನರ ಜೀವನವನ್ನು ವಿವರವಾಗಿ ಬರೆದು ತೋರಿಸಿದರು. ಲ್ಯಾಟಿನ್‌ನ ಆಚೆ ಮತ್ತು ಬಟ್ಟೆ ಎಂಬರ್ಥದ ಪದಗಳನ್ನು ಸೇರಿಸಿ ಟ್ರಾನ್ಸ್‌ವೆಸ್ಟೈಟ್ ಅನ್ನುವ ಪದ ಹುಟ್ಟಿಸಿದ್ದೂ ಅವರೇ. ಇವತ್ತು ಆ ಪದ ಹಳತಾಗಿದೆ, ಹಲವರಿಗೆ ಇಷ್ಟವಾಗೋದಿಲ್ಲ. ಆದರೆ ತಮ್ಮನ್ನು ಕರೆದುಕೊಳ್ಳೋಕೆ ಬೈಗುಳ ಬಿಟ್ಟರೆ ಬೇರೆ ಪದವೇ ಇಲ್ಲದವರಿಗೆ ಅದು ಆಗ ದೊಡ್ಡ ಆಸರೆ.

ಪುಸ್ತಕ ಬೀದಿಯಲ್ಲಿ ಕಾಪಾಡೋದಿಲ್ಲವಲ್ಲ? ಪೊಲೀಸರು ಸಾರ್ವಜನಿಕರಿಗೆ ಕಿರಿಕಿರಿ ಅನ್ನುವ ನೆಪದಲ್ಲಿ ಇಂಥವರನ್ನು ಹಿಡಿದು ಒಳಗೆ ಹಾಕಬಹುದಿತ್ತು. ಹಿರ್ಷ್‌ಫೆಲ್ಡ್ ಬರ್ಲಿನ್ ಪೊಲೀಸರ ಜೊತೆ ಮಾತಾಡಿ ಒಂದು ದಾರಿ ಮಾಡಿದರು. ವೈದ್ಯರು ಪರೀಕ್ಷಿಸಿ ವರದಿ ಕೊಟ್ಟರೆ ಪೊಲೀಸರು ಒಂದು ಚೀಟಿ ಕೊಡ್ತಿದ್ದರು: ಇವರು ಗಂಡಸರ ಅಥವಾ ಹೆಂಗಸರ ಬಟ್ಟೆ ತೊಡುವವರೆಂದು ನಮಗೆ ಗೊತ್ತಿದೆ ಅನ್ನುವ ಅರ್ಥದ್ದು. ಬಸ್ ಪಾಸ್ ಇದ್ದ ಹಾಗೆ, ತಮಗೆ ಬೇಕಾದ ಬಟ್ಟೆ ತೊಡೋಕೆ ಒಂದು ಪಾಸ್! 1920ರ ದಶಕದಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಪ್ಪುವ ಹೆಸರನ್ನು ಅಧಿಕೃತವಾಗಿ ಇಟ್ಟುಕೊಳ್ಳೋದಕ್ಕೂ ಪ್ರಷ್ಯಾದಲ್ಲಿ ಅವಕಾಶವಾಯಿತು.

ಇದು ಹಕ್ಕು ಅಲ್ಲ, ಅನುಮತಿ. ಕೊಟ್ಟ ಕೈಯೇ ಕಿತ್ತುಕೊಳ್ಳಬಹುದು. ಡಾಕ್ಟರು ಒಪ್ಪದಿದ್ದರೆ ಚೀಟಿಯೂ ಇಲ್ಲ. ಆದರೂ ಮನೆಯಿಂದ ಹೊರಗೆ ಕಾಲಿಡೋಕೆ ಹೆದರ್ತಿದ್ದವರಿಗೆ ಅದು ಜೀವನವನ್ನೇ ಬದಲಿಸಿತು.

ಎಲ್ಲರಿಗೂ ಬಾಗಿಲು ತೆರೆದ ಮನೆ

1919ರ ಜುಲೈ 6ರಂದು ಬರ್ಲಿನ್‌ನ ಟಿಯರ್‌ಗಾರ್ಟನ್ ಬಡಾವಣೆಯ ಒಂದು ದೊಡ್ಡ ಬಂಗಲೆಯಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆ ಶುರುವಾಯಿತು. ಗ್ರಂಥಾಲಯ, ಮ್ಯೂಸಿಯಂ, ಆಸ್ಪತ್ರೆ, ಉಪನ್ಯಾಸದ ಹಾಲ್ ಎಲ್ಲ ಒಂದೇ ಕಡೆ. ನಾಚಿಕೆ ಪಡುವವರಿಗಾಗಿ ಹೆಸರಿಲ್ಲದೆ ಪ್ರಶ್ನೆ ಬರೆದು ಡಬ್ಬಿಗೆ ಹಾಕುವ ವ್ಯವಸ್ಥೆ ಕೂಡ ಇತ್ತು. ಬೇರೆಲ್ಲೂ ಕೆಲಸ ಸಿಗದ ಟ್ರಾನ್ಸ್ ಮಹಿಳೆಯರಿಗೆ ಅಲ್ಲೇ ಮನೆಗೆಲಸ ಕೊಟ್ಟರು.

ಅವರಲ್ಲಿ ಒಬ್ಬರು ಡೋರಾ ರಿಕ್ಟರ್. ರೈತರ ಮನೆಯಲ್ಲಿ ಗಂಡು ಮಗುವೆಂದು ಬೆಳೆದು, ಹೆಣ್ಣಿನ ಬಟ್ಟೆ ತೊಟ್ಟಿದ್ದಕ್ಕೆ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ ಆಕೆಗೆ 1922ರಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು, 1931ರಲ್ಲಿ ಉಳಿದದ್ದು. ಇಂಥ ಪೂರ್ಣ ಶಸ್ತ್ರಚಿಕಿತ್ಸೆ ಪಡೆದ ಮೊದಲಿಗರ ಸಾಲಿನಲ್ಲಿ ಡೋರಾ ಹೆಸರಿದೆ.

ಹೊರಗಿನ ಗಾಳಿ ಮಾತ್ರ ಬೇರೆ ಇತ್ತು. 1920ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಉಪನ್ಯಾಸ ಮುಗಿಸಿ ಬರುವಾಗ ಬಲಪಂಥೀಯ ಪುಂಡರು ಹಿರ್ಷ್‌ಫೆಲ್ಡ್ ಅವರನ್ನು ಹೊಡೆದು, ಸತ್ತರೆಂದು ಬಿಟ್ಟು ಹೋದರು. ಪತ್ರಿಕೆಗಳಲ್ಲಿ ಸುದ್ದಿಯೂ ಬಂತು. ತಮ್ಮದೇ ಸಾವಿನ ಸುದ್ದಿ ಓದುವ ಅಪರೂಪದ ಭಾಗ್ಯ ಅವರದಾಯಿತು.

1930ರ ಕೊನೆಗೆ ಅವರು ಉಪನ್ಯಾಸ ಕೊಡುತ್ತಾ ಲೋಕ ಸುತ್ತೋಕೆ ಹೊರಟರು: ಅಮೆರಿಕ, ಜಪಾನ್, ಚೀನಾ, 1931ರಲ್ಲಿ ನಮ್ಮ ಭಾರತ. ಇಲ್ಲಿ ಸ್ವಾತಂತ್ರ್ಯ ಚಳವಳಿಯ ಪರ ನಿಂತರು. ಭಾರತೀಯರನ್ನು ಹೀನಾಯವಾಗಿ ಚಿತ್ರಿಸಿದ್ದ ಕ್ಯಾಥರೀನ್ ಮೇಯೋ ಪುಸ್ತಕವನ್ನು ತಮ್ಮ ಪ್ರವಾಸ ಕಥನದಲ್ಲಿ ಟೀಕಿಸಿದರು. 1932ರಲ್ಲಿ ಯುರೋಪಿಗೆ ಮರಳಿದರೂ ಜರ್ಮನಿಗೆ ಮತ್ತೆ ಕಾಲಿಡಲಾಗಲಿಲ್ಲ.

ಬ್ಯಾಂಡ್ ಬಾರಿಸುತ್ತಾ ಬಂದವರು

1933ರ ಮೇ 6ರ ಬೆಳಿಗ್ಗೆ ಸಂಸ್ಥೆಯ ಬಾಗಿಲು ಒಡೆದವರು ಯಾರು ಅಂದುಕೊಂಡಿರಿ? ವಿದ್ಯಾರ್ಥಿಗಳು. ದೈಹಿಕ ಶಿಕ್ಷಣ ಕಾಲೇಜಿನ ಹುಡುಗರು ಲಾರಿಗಳಲ್ಲಿ, ಬ್ಯಾಂಡ್ ಬಾರಿಸುತ್ತಾ ಬಂದರು. ಮಧ್ಯಾಹ್ನ ನಾಜಿಗಳ ಖಾಸಗಿ ಪಡೆ ಬಂದು ಉಳಿದದ್ದನ್ನು ಹೊತ್ತೊಯ್ದಿತು. ಮೇ 10ರ ರಾತ್ರಿ ಒಪೆರಾ ಚೌಕದಲ್ಲಿ ಸಾವಿರಾರು ಪುಸ್ತಕಗಳಿಗೆ ಬೆಂಕಿ ಬಿತ್ತು. ಶಾಲಾ ಪಾಠಗಳಲ್ಲಿ ನಾವು ನೋಡುವ ನಾಜಿ ಪುಸ್ತಕದಹನದ ಫೋಟೋಗಳಲ್ಲಿ ಉರಿಯುತ್ತಿರುವ ರಾಶಿಯಲ್ಲಿ ಈ ಗ್ರಂಥಾಲಯವೂ ಇದೆ ಅಂತ ಎಷ್ಟು ಜನಕ್ಕೆ ಗೊತ್ತು?

ಹಿರ್ಷ್‌ಫೆಲ್ಡ್ ಅದನ್ನು ನೋಡಿದ್ದು ಪ್ಯಾರಿಸ್‌ನ ಒಂದು ಚಿತ್ರಮಂದಿರದಲ್ಲಿ, ನ್ಯೂಸ್‌ರೀಲ್‌ನಲ್ಲಿ. ಇತ್ತ ಬರ್ಲಿನ್‌ನಲ್ಲಿ ಕೆಲವರ ಪಾಸ್‌ಗಳು ರದ್ದಾದವು, ಕೆಲವರು ಕಾನ್ಸಂಟ್ರೇಶನ್ ಕ್ಯಾಂಪ್ ಸೇರಿದರು. ಅನುಮತಿಗೂ ಹಕ್ಕಿಗೂ ಇರುವ ವ್ಯತ್ಯಾಸ ಆಗ ಗೊತ್ತಾಯಿತು. 1935ರ ಮೇ 14ರಂದು, ತಮ್ಮ 67ನೇ ಹುಟ್ಟುಹಬ್ಬದ ದಿನವೇ, ಹಿರ್ಷ್‌ಫೆಲ್ಡ್ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡರು.

175ನೇ ಕಲಂ ಪೂರ್ತಿ ಹೋಗಿದ್ದು 1994ರಲ್ಲಿ. ಡಾಕ್ಟರ ಚೀಟಿಯಿಲ್ಲದೆ, ಕೋರ್ಟಿಗೆ ಅಲೆಯದೆ, ತನ್ನ ಹೇಳಿಕೆಯ ಮೇಲೆಯೇ ಹೆಸರು ಮತ್ತು ಲಿಂಗದ ದಾಖಲೆ ಬದಲಿಸಿಕೊಳ್ಳುವ ಕಾನೂನು ಜರ್ಮನಿಯಲ್ಲಿ ಜಾರಿಯಾಗಿದ್ದು 2024ರ ನವೆಂಬರ್ 1ರಂದು. ನಮ್ಮ ಸುಪ್ರೀಂ ಕೋರ್ಟ್ ಲಿಂಗತ್ವ ಯಾವುದೆಂದು ನಿರ್ಧರಿಸುವುದು ಆಯಾ ವ್ಯಕ್ತಿಯ ಹಕ್ಕು ಅಂತ 2014ರಲ್ಲೇ ತೀರ್ಪು ಕೊಟ್ಟಿತ್ತು.

ಇನ್ನು ಡೋರಾ. 1933ರ ದಾಳಿಯಲ್ಲೇ ಆಕೆ ಸತ್ತಿರಬೇಕು ಅಂತ ದಶಕಗಳ ಕಾಲ ಎಲ್ಲರೂ ಬರೆದರು. ಇತ್ತೀಚೆಗೆ ಸಂಶೋಧಕರು ಹಳೆಯ ದಾಖಲೆಗಳನ್ನು ಜಾಲಾಡಿದಾಗ ಗೊತ್ತಾಗಿದ್ದು ಬೇರೆ. ಆಕೆ ತಪ್ಪಿಸಿಕೊಂಡಿದ್ದರು. ಡೋರಾ ಅನ್ನುವ ಹೆಸರಲ್ಲೇ ಬದುಕಿ, 1966ರಲ್ಲಿ ಬವೇರಿಯಾದ ಒಂದು ಸಣ್ಣ ಊರಿನಲ್ಲಿ 74ನೇ ವಯಸ್ಸಿಗೆ ತೀರಿಕೊಂಡರು. ಅಷ್ಟು ದೊಡ್ಡ ಬೆಂಕಿ ಹಚ್ಚಿದವರಿಗೂ ಆಕೆಯ ಹೆಸರನ್ನು ಸುಡೋಕೆ ಆಗಲಿಲ್ಲ.