ಊರಿಗೆ ಬಾರದ ಮಹಾರಾಜರ ದೇಹ: ಎಂಬಾಮಿಂಗ್ ಎಂದರೇನು?

ಚಾಮರಾಜನಗರಕ್ಕೆ ಆ ಹೆಸರು ಬಂದದ್ದು ಹತ್ತನೇ ಚಾಮರಾಜೇಂದ್ರ ಒಡೆಯರಿಂದ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ತಪ್ಪು. ಅರಿಕುಠಾರ ಎಂಬ ಆ ಊರಿನಲ್ಲಿ ಹುಟ್ಟಿದ್ದ ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈ ಹೆಸರಿಟ್ಟರು. ಚಾಮರಾಜೇಂದ್ರರು ಮುಮ್ಮಡಿಯವರ ದತ್ತುಪುತ್ರ.

ಚಾಮರಾಜೇಂದ್ರರು ಹುಟ್ಟಿದ್ದು 1863ರಲ್ಲಿ. 1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅವರಿಗೆ ಮರಳಿಸಿದರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1892ರಲ್ಲಿ ಮೈಸೂರಿಗೆ ಮೃಗಾಲಯ ಬಂತು. ವಿವೇಕಾನಂದರ ಅಮೆರಿಕ ಪ್ರಯಾಣಕ್ಕೂ ಅವರು ನೆರವಾದರು. 1894ರ ಡಿಸೆಂಬರ್ 28ರಂದು, ಕಲ್ಕತ್ತೆಗೆ ಹೋಗಿದ್ದಾಗ, ಗಂಟಲಮಾರಿ ಅಂದರೆ ಡಿಫ್ತೀರಿಯಾದಿಂದ ತೀರಿಕೊಂಡರು. ವಯಸ್ಸು ಬರೀ 31. ದಹನವೂ ಅಲ್ಲೇ ಆಯಿತು. ಮೈಸೂರಿನ ಜನರಿಗೆ ಕೊನೆಯ ದರ್ಶನ ಸಿಗಲಿಲ್ಲ.

ಇಂದಾಗಿದ್ದರೆ? ದೇಹವನ್ನು ಎಂಬಾಮ್ ಮಾಡಿ ವಿಮಾನದಲ್ಲಿ ತರಬಹುದಿತ್ತು. ಕುತ್ತಿಗೆಯ ಅಥವಾ ತೊಡೆಯ ಅಪಧಮನಿಯ ಮೂಲಕ ಫಾರ್ಮಲಿನ್ ಬೆರೆತ ದ್ರಾವಣವನ್ನು ಒಳಗೆ ಹರಿಸುತ್ತಾರೆ. ಅದು ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಕೊಂದು, ಅಂಗಾಂಶದ ಪ್ರೋಟೀನುಗಳನ್ನು ಗಟ್ಟಿ ಮಾಡುತ್ತದೆ. ಫಾರ್ಮಲಿನ್‌ನ ಈ ಗುಣ ವಿಜ್ಞಾನಿಗಳಿಗೆ ತಿಳಿದದ್ದೇ 1893ರಲ್ಲಿ, ಮಹಾರಾಜರ ಸಾವಿಗೆ ಒಂದು ವರ್ಷ ಮೊದಲು.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳನ್ನೂ ನೋಡೋಣ.

ಎಂಬಾಮ್ ಮಾಡಿದ ದೇಹ ಶಾಶ್ವತವಾಗಿ ಉಳಿಯುತ್ತದೆಯೇ? ಇಲ್ಲ. ಕೊಳೆಯುವುದು ನಿಧಾನವಾಗುತ್ತದೆ, ಅಷ್ಟೇ.

ಅಂಗಾಂಗ ತೆಗೆದುಬಿಡುತ್ತಾರೆಯೇ? ಇಲ್ಲ. ಹಾಗೆ ಮಾಡುತ್ತಿದ್ದದ್ದು ಪ್ರಾಚೀನ ಈಜಿಪ್ಟಿನ ಮಮ್ಮಿಗಳಿಗೆ.

ಆಮೇಲೆ ಸುಡಬಾರದೇ, ಹೂಳಬಾರದೇ? ಎರಡನ್ನೂ ಮಾಡಬಹುದು.

ಒಂದು ಎಚ್ಚರಿಕೆ: ಸಾವಿನ ಬಗ್ಗೆ ಅನುಮಾನವಿದ್ದರೆ ಮೊದಲು ಪೊಲೀಸರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಆಗಲಿ. ಎಂಬಾಮ್ ಆದ ಮೇಲೆ ವಿಷದ ಸುಳಿವು ಪತ್ತೆಹಚ್ಚುವುದು ಕಷ್ಟ.

ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಪರವಾಸುದೇವ ದೇವಾಲಯ ಕಟ್ಟಿಸಿದರು. ನೆನಪು ಉಳಿಯಲು ದೇಹ ಉಳಿಯಬೇಕಿಲ್ಲ. ಎಂಬಾಮಿಂಗ್ ಕೊಡುವುದು ಕೆಲವು ದಿನಗಳ ಕಾಲಾವಕಾಶ ಮಾತ್ರ. ಆದರೆ ದುಬೈಯಲ್ಲೋ ಅಮೆರಿಕದಲ್ಲೋ ಮಗನನ್ನು ಕಳೆದುಕೊಂಡ ತಾಯಿಗೆ, ಕೊನೆಗೊಮ್ಮೆ ಮುಖ ನೋಡಲು ಅಷ್ಟು ದಿನ ಸಿಕ್ಕರೆ ಸಾಕು. ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಇದನ್ನು ತಲುಪಿಸಿ.